ಸಾಹೇಬನಲ್ಲಿ ಏನು ಕಮ್ಮಿ?

"ಇದೂ ಬರಡು," ಎಂದರು ಮಾವ, ಒಡೆದ ಮೊಟ್ಟೆಯಿದ್ದ ಬಸಿಯನ್ನು ಸೊಸೆಯ ಮೂಗಿನ ಹತ್ತಿರ ಹಿಡಿದು.

ಅವಳು ಬಗ್ಗಿ ನೋಡಿದಳು. ಹಳದಿಯ ಮೇಲೆ ಸಾಸಿವೆಗಿಂತ ಸಣ್ಣದೊಂದು ಬಿಳಿ ಚುಕ್ಕೆ. ಬರೀ ಚುಕ್ಕೆ. ಹುಂಜ ಕೂಡಿದ ಮೊಟ್ಟೆಯಾಗಿದ್ದರೆ ಚುಕ್ಕೆಯ ಸುತ್ತ ಬಳೆ ಇಟ್ಟು ಗೆರೆ ಎಳೆದಂತೆ ಒಂದು ಉಂಗುರ ಇರಬೇಕಿತ್ತು. ಉಂಗುರ ಇಲ್ಲ ಎಂದರೆ ಮರಿ ಇಲ್ಲ.

ಮಾವ ಮೂವತ್ತು ವರ್ಷ ಒಂದು ಶಾಲೆಯ ಪ್ರಯೋಗಾಲಯದಲ್ಲಿ ಗಾಜಿನ ಕೊಳವೆ ತೊಳೆದವರು. ನಿವೃತ್ತಿಯ ದಿನ ಯಾರಿಗೂ ಹೇಳದೆ ಅಲ್ಲಿಯ ಭೂತಗನ್ನಡಿಯೊಂದನ್ನು ಜೇಬಿಗಿಳಿಸಿಕೊಂಡು ಬಂದಿದ್ದರು. ಅಂದಿನಿಂದ ಮನೆಯಲ್ಲಿ ವಿಜ್ಞಾನ ಎಂದರೆ ಅವರೇ. ಮಿಕ್ಕವರೆಲ್ಲ ಕೊಳವೆಗಳು.

ಹಿತ್ತಲಲ್ಲಿ ಮೊದಲು ಐದು ಹೇಂಟೆಗಳಿದ್ದವು. ಕಾವಿಗೆ ಇಟ್ಟ ಮೊಟ್ಟೆ ಒಂದೂ ಮರಿಯಾಗಲಿಲ್ಲ. ಭೂತಗನ್ನಡಿ ತೀರ್ಪು ಕೊಟ್ಟಿತು. ಎರಡು ಹೇಂಟೆ ಬಾಣಲೆ ಸೇರಿದವು. ಕಾಳು ಬದಲಾಯಿತು, ಗೂಡಿನ ಬಾಗಿಲು ಬದಲಾಯಿತು. ಹುಂಜ ಮಾತ್ರ ಅದೇ.

ಅವನ ಹೆಸರು ಸಾಹೇಬ. ಹೆಬ್ಬೆಟ್ಟಿನಷ್ಟಿದ್ದಾಗ ಮರಿ ಮಾರುವವನ ಬುಟ್ಟಿಯಿಂದ ಮಾವನೇ ಆರಿಸಿದ್ದು. "ನೋಡಿದ ತಕ್ಷಣ ಗಂಡು ಅಂತ ಗೊತ್ತಾಯ್ತು. ಮಿಕ್ಕ ಮರಿಗಳನ್ನ ತುಳ್ಕೊಂಡು ಮುಂದೆ ಬಂತು!" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಈಗಲೂ ತುಳಿಯುತ್ತಿದ್ದ. ಕೆಂಪು ಜುಟ್ಟು, ಎದೆ ಸೆಟೆಸಿದ ನಡಿಗೆ, ಹೇಂಟೆಗಳ ಬೆನ್ನೇರಿ ಗರಿ ಕೀಳುವ ದರ್ಪ. ಕೂಗು ಮಾತ್ರ ತುಕ್ಕು ಹಿಡಿದ ಪಂಪು ಒತ್ತಿದ ಹಾಗೆ. ಶೀತ ಎನ್ನುತ್ತಿದ್ದರು ಮಾವ. ಎರಡು ವರ್ಷದ ಶೀತ.

ಹೇಂಟೆ ಕಡಿಮೆಯಾದರೂ ಮೊಟ್ಟೆಗೇನೂ ಬರ ಬಂದಿರಲಿಲ್ಲ. ಮೂರು ಬಿಳಿಯವು, ಕೆಲವು ದಿನ ಜೊತೆಗೊಂದು ಕಂದು. ಅದಕ್ಕೂ ಮಾವನ ಬಳಿ ವಿಜ್ಞಾನ ಇತ್ತು: "ಗಂಡಿನ ನೆರಳು ಬಿದ್ರೆ ಇಳುವರಿ ಜಾಸ್ತಿ ಕಣಮ್ಮ."

ಇವತ್ತಿನ ತೀರ್ಪು ಚುಕ್ಕಿಯ ಮೇಲೆ. ಸೊಸೆ ತವರಿನಿಂದ ಮಡಿಲಲ್ಲಿಟ್ಟುಕೊಂಡು ತಂದ ಹೇಂಟೆ ಅದು. ಈ ಮನೆಯಲ್ಲಿ ಅವಳ ಕಡೆಯವರು ಎನ್ನಲು ಇದ್ದದ್ದು ಅದೊಂದೇ.

"ಮಾವ, ಎಲ್ಲದರದ್ದೂ ಬರಡು ಅಂದ್ರೆ ತಪ್ಪು ಸಾಹೇಬನದ್ದೇ ಇರ್ಬಹುದಲ್ವಾ?"

ಮಾವ ಭೂತಗನ್ನಡಿ ಕೆಳಗಿಳಿಸಿದರು. "ಗಂಡಿನ ಮೇಲೆ ಹೇಳ್ತೀಯಾ? ಆ ಜುಟ್ಟು ನೋಡು. ಆ ನಡಿಗೆ ನೋಡು. ಅವನಲ್ಲಿ ಏನು ಕಮ್ಮಿ?"

ಬಾಗಿಲಲ್ಲಿ ನಿಂತಿದ್ದ ಗಂಡ ಟೀ ಲೋಟದೊಳಗೆ ಇಣುಕಿದ. ಹೋದ ತಿಂಗಳು ಇದೇ ಮಾತು, ಇದೇ ದನಿಯಲ್ಲಿ, ಅವನ ಬಗ್ಗೆ ಆಗಿತ್ತು. ಮದುವೆಯಾಗಿ ಐದು ವರ್ಷ. ಮಕ್ಕಳಿಲ್ಲ. ಅವಳು ಮೂರು ಆಸ್ಪತ್ರೆ ಹತ್ತಿಳಿದು, ಚುಚ್ಚಿಸಿಕೊಂಡು, ತನ್ನಲ್ಲಿ ಯಾವ ತೊಂದರೆಯೂ ಇಲ್ಲ ಎಂದು ಬರೆಸಿಕೊಂಡು ಬಂದಿದ್ದಳು. ಡಾಕ್ಟರಮ್ಮ ಇನ್ನೊಂದು ಚೀಟಿಯನ್ನೂ ಕೊಟ್ಟಿದ್ದರು, ಗಂಡನ ಪರೀಕ್ಷೆಗೆ. ಅದು ಗೋಡೆ ಗಡಿಯಾರದ ಹಿಂದೆ ಧೂಳು ತಿನ್ನುತ್ತಿತ್ತು. ಈ ನಡುವೆ ಮಾವ ಮಗನಿಗೆ ಇನ್ನೊಂದು ಹೆಣ್ಣು ವಿಚಾರಿಸುತ್ತಿದ್ದಾರೆಂಬ ಸುದ್ದಿ ಅಕ್ಕಪಕ್ಕದವರಿಂದ ಅವಳ ಕಿವಿಗೆ ಬಿದ್ದಿತ್ತು.

"ನಾಳೆ ಭಾನುವಾರ. ಚುಕ್ಕಿ ಕತೆ ಮುಗೀಲಿ," ಎಂದರು ಮಾವ. "ಮಿಕ್ಕ ವಿಷಯ ಆಮೇಲೆ ಮಾತಾಡೋಣ."

ಮಿಕ್ಕ ವಿಷಯ ಯಾರು ಎಂದು ಅವಳು ಕೇಳಲಿಲ್ಲ.

"ಈ ಮೊಟ್ಟೆ ಚುಕ್ಕೀದೇ ಅಂತ ನಿಮಗೆ ಹೇಗೆ ಗೊತ್ತು ಮಾವ? ಎಲ್ಲಾ ಒಂದೇ ಮೂಲೆಲಿ ಇಡ್ತಾವೆ. ಪ್ರಯೋಗ ಅಂದ್ಮೇಲೆ ಸರಿಯಾಗಿ ಮಾಡ್ಬೇಕಲ್ವಾ?"

ಪ್ರಯೋಗ ಎಂಬ ಮಾತು ಮಾವನಿಗೆ ಸರಿಯಾದ ಜಾಗದಲ್ಲಿ ಚುಚ್ಚಿತು.

"ಏನು ಮಾಡ್ಬೇಕಂತೆ?"

"ಒಂದೊಂದನ್ನೂ ಬೇರೆ ಬೇರೆ ಬುಟ್ಟಿ ಕೆಳಗೆ ಮುಚ್ಚಿಡೋಣ. ಯಾರದ್ದು ಏನು ಅಂತ ಬೆಳಗ್ಗೆ ಗೊತ್ತಾಗುತ್ತೆ."

"ಆಗ್ಲಿ." ಮಾವ ನಕ್ಕರು. "ಸಾಹೇಬನಲ್ಲಿ ಒಂದೇ ಒಂದು ಕೊರತೆ ತೋರಿಸು. ನಿನ್ನ ಗಂಡನ್ನ ನಾನೇ ಕೈ ಹಿಡ್ಕೊಂಡು ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ."

"ಮಾತಿಗೆ ತಪ್ಪಬಾರದು."

"ವಿಜ್ಞಾನ ಮಾತಿಗೆ ತಪ್ಪಲ್ಲಮ್ಮ."

ಗಂಡ ಲೋಟ ತೊಳೆಯಲು ಒಳಗೆ ಹೋದ. ಐದು ವರ್ಷದಲ್ಲಿ ಅವನು ಲೋಟ ತೊಳೆದದ್ದು ಅದೇ ಮೊದಲು.

ಸಂಜೆ ಮೂರು ಬುಟ್ಟಿ ಬೋರಲು ಬಿದ್ದವು. ಮಾವ ಪೆನ್ಸಿಲಿನಲ್ಲಿ ಬರೆದು ಚೀಟಿ ಸಿಕ್ಕಿಸಿದರು: ಬಿಳಿ, ಕರಿ, ಚುಕ್ಕಿ. ತನ್ನ ಪರಿವಾರ ಮರೆಯಾದದ್ದು ಕಂಡು ಸಾಹೇಬ ಕೆರಳಿ ಬುಟ್ಟಿಗಳನ್ನು ಕುಕ್ಕತೊಡಗಿದ. ಮಾವ ಅವನನ್ನು ಎತ್ತಿ, ನೆಲ ಥಂಡಿ ಎಂದು ಗೋಣಿಚೀಲ ಮಡಚಿ ಹಾಸಿ, ಎಲ್ಲಕ್ಕಿಂತ ದೊಡ್ಡ ಬುಟ್ಟಿಯನ್ನು ಮುಚ್ಚಿದರು. ಅವನಿಗೆ ಚೀಟಿ ಬೇಕಿರಲಿಲ್ಲ.

ಬೆಳಗ್ಗೆ ಅವಳು ಎದ್ದು ಬರುವಷ್ಟರಲ್ಲಿ ಚಾಕು ಮಸೆಯುವ ಸದ್ದು.

ಮೊದಲ ಬುಟ್ಟಿ ಎತ್ತಿದರು. ಬಿಳಿ ಹೇಂಟೆಯ ಮೊಟ್ಟೆ. ಒಡೆದರು. ಬರೀ ಚುಕ್ಕೆ. ಎರಡನೆಯದು, ಕರಿ ಹೇಂಟೆಯದು. ಬರೀ ಚುಕ್ಕೆ. ಮೂರನೆಯ ಬುಟ್ಟಿಯ ಕೆಳಗೆ ಚುಕ್ಕಿ ಇತ್ತು, ಒಂದಿಷ್ಟು ಒಣಹುಲ್ಲಿತ್ತು. ಮೊಟ್ಟೆ ಇರಲಿಲ್ಲ.

"ನೋಡ್ದಾ? ಬರಡು ಮೊಟ್ಟೆ ಇಡೋ ಯೋಗ್ಯತೆನೂ ಇಲ್ಲ!" ಮಾವ ಚುಕ್ಕಿಯ ಕಾಲು ಹಿಡಿದು ತಲೆಕೆಳಗು ಮಾಡಿದರು. ಸೊಸೆ ಮಾವನ ಮಣಿಕಟ್ಟು ಹಿಡಿದಳು.

"ಕೈ ಬಿಡು."

ಅವಳು ಬಿಡಲಿಲ್ಲ. "ರೀ, ಏನಾದ್ರೂ ಹೇಳ್ರೀ," ಎಂದಳು ಗಂಡನತ್ತ ತಿರುಗಿ. ಅವನು ಆಕಾಶ ನೋಡುತ್ತಿದ್ದ. ಮೋಡವೂ ಇರಲಿಲ್ಲ ಅಲ್ಲಿ.

ಮಾವ ಕೈ ಕೊಸರಿಕೊಂಡರು. "ಹೋಗು, ಸಾಹೇಬನ ಬುಟ್ಟಿ ಎತ್ತು. ಅವನ ಎದುರಿಗೇ ಆಗ್ಲಿ."

ಅವಳು ಹೋಗಿ ಬುಟ್ಟಿ ಎತ್ತಿದಳು. ಸಾಹೇಬ ಗರಿ ಉಬ್ಬಿಸಿಕೊಂಡು ಕೂತೇ ಇದ್ದ. ಆಮೇಲೆ ನಿಧಾನಕ್ಕೆ ಎದ್ದು, ಮೈ ಕೊಡವಿ, ಕತ್ತು ಚಾಚಿ ತುಕ್ಕು ಪಂಪಿನ ದನಿಯಲ್ಲಿ ಒಮ್ಮೆ ಕೂಗಿ, ಎದೆ ಸೆಟೆಸಿ ಪಕ್ಕಕ್ಕೆ ನಡೆದ.

ಗೋಣಿಯ ಮೇಲೆ, ಇನ್ನೂ ಬಿಸಿ ಆರದ, ಕಂದು ಬಣ್ಣದ ಒಂದು ಮೊಟ್ಟೆ ಇತ್ತು.