ಯಾರದೂ ಅಲ್ಲದ ಬೀದಿ

ಬೀರಪ್ಪ ತನ್ನ ಮನೆಯ ಹೆಸರಿನ ಮೇಲೆ ಗೋಣಿಚೀಲ ಕಟ್ಟುತ್ತಿದ್ದ. 'ಬೀರೇಶ್ವರ ಕೃಪಾ' ಎಂದು ಕರಿಕಲ್ಲಿನಲ್ಲಿ ಕೆತ್ತಿಸಿದ್ದು ಹೋದ ವರ್ಷವಷ್ಟೇ. ಬೀರೇಶ್ವರ ಮುಚ್ಚಿಹೋದ, ಕೃಪೆ ಮಾತ್ರ ಚೀಲದ ಹರಕಿನಲ್ಲಿ ಇಣುಕಿತು. ಅದಕ್ಕೆ ಸಗಣಿ ಮೆತ್ತಿದ.

"ಬೇಗ ಕಣೋ! ಅಳತೆ ಟೇಪ್‌ನೋರು ಬಸ್ಸಿಳಿದ್ರು!" ಎದುರು ಮನೆಯ ಹನುಮಂತಪ್ಪ ಕೂಗಿದ.

ಅಜ್ಜಂಪುರದ ಅಂಚಿನ ಆ ಬೀದಿಗೆ ಹೊಸ ಮನೆ ಕಂದಾಯ ಬಂದಿತ್ತು. ಇನ್ನು ಮುಂದೆ ಚದರಡಿ ಲೆಕ್ಕ. ಚೌಳಹಿರಿಯೂರಿನವರು ಅಳೆಯಲು ಬಂದವರನ್ನು ಓಡಿಸಿದ್ದರಂತೆ. ಅವರು ಮರುದಿನ ಪೊಲೀಸರ ಜೊತೆ ಬಂದರು. ಶಿವನಿಯವರು ಬೀಗ ಜಡಿದು ತೋಟ ಸೇರಿದರಂತೆ. ಹೊರಗಿನಿಂದಲೇ ಅಳೆದು, ದನದ ಕೊಟ್ಟಿಗೆಯನ್ನೂ ಸೇರಿಸಿಕೊಂಡು ಹೋದರು.

ಬೀರಪ್ಪನಿಗೆ ಹೊಟ್ಟೆಯುರಿ ಎರಡು ಪಟ್ಟು. ವಾಸದ ಮನೆಯಲ್ಲದೆ, ಬೀದಿಯ ತುದಿಯಲ್ಲಿ ಬಸ್ ನಿಲ್ದಾಣಕ್ಕೆ ಮುಖ ಮಾಡಿದ ಇನ್ನೊಂದು ಮನೆಯೂ ತನ್ನದೇ ಎನ್ನುತ್ತಿದ್ದ. ಅದರಲ್ಲಿ ತೀರಿಹೋದ ತಮ್ಮನ ಹೆಂಡತಿ ಹಾಲಮ್ಮ ಇದ್ದಳು. ಖಾತೆ ಇನ್ನೂ ಅಪ್ಪನ ಹೆಸರಿನಲ್ಲಿತ್ತು, ಅಪ್ಪ ಗೋರಿಯಲ್ಲಿದ್ದ. ದೀಪಾವಳಿಯೊಳಗೆ ಖಾಲಿ ಮಾಡು, ಕೆಡವಿ ಅಂಗಡಿ ಕಟ್ಟಿಸಬೇಕು ಎಂದು ಅವಳಿಗೆ ಹೇಳಿಯಾಗಿತ್ತು. ಹಾಲಮ್ಮ ಅತ್ತಿರಲಿಲ್ಲ, ಬೈದಿರಲಿಲ್ಲ. ಸುಮ್ಮನಿದ್ದಳು. ಆ ಮೌನ ಬೀರಪ್ಪನಿಗೆ ಒಪ್ಪಿಗೆಯಂತೆ ಕಂಡಿತ್ತು. ಒಮ್ಮೊಮ್ಮೆ, ಉಣ್ಣುತ್ತಾ ಕೂತಾಗ, ಹಾಗೆ ಕಾಣುತ್ತಿರಲಿಲ್ಲ.

ಕಂದಾಯ ತಪ್ಪಿಸುವ ಉಪಾಯ ಹೊಳೆದದ್ದು ಅವಳಿಗೇ. ಮೊನ್ನೆ ಸಂಜೆ ಅರಳಿಕಟ್ಟೆಯಲ್ಲಿ ಗಂಡಸರೆಲ್ಲ ಕೂಗಿ ಸುಸ್ತಾದ ಮೇಲೆ ಹಿಂದಿನಿಂದ ಅವಳ ದನಿ ಕೇಳಿತು.

"ಅಳೆಯಾಕೆ ಬಿಡ್ರಪ್ಪಾ. ಕಂದಾಯ ಕಟ್ಟೋನು ಮನೆಯೋನು ತಾನೆ? ಮನೆ ನಂದಲ್ಲ ಅಂದ್ಬಿಡಿ. ಎಲ್ಲಾರೂ ಹಂಗೇ ಅಂದ್ರೆ ಯಾರ್ ತಾವ ಕೇಳ್ತಾರೆ?"

ನಿವೃತ್ತ ಮೇಷ್ಟ್ರು ಷಡಕ್ಷರಿ ಕನ್ನಡಕ ಒರೆಸಿಕೊಂಡರು. "ಅವರು ನಂಬಬೇಕಲ್ಲಮ್ಮ?"

"ಬೀರದೇವ್ರ ಭಂಡಾರ ಮುಟ್ಟಿ ಹೇಳಿ. ತಟ್ಟೆ ನಾನು ಹಿಡ್ಕೊಂಡು ಬತ್ತೀನಿ."

ಭಂಡಾರವೆಂದರೆ ದೇವರ ಅರಿಶಿನ. ಅದನ್ನು ಮುಟ್ಟಿ ಆಡಿದ ಮಾತನ್ನು ಆ ಬೀದಿಯಲ್ಲಿ ಯಾರೂ ಹಿಂದಕ್ಕೆ ತೆಗೆದುಕೊಂಡದ್ದಿಲ್ಲ. ತೆಗೆದುಕೊಂಡವನಿಗೆ ಬೆಂಕಿ ನೀರು ಕೊಡುವವರಿಲ್ಲ. ಕೆಲವರು ಹಿಂಜರಿದರು. ಮೇಷ್ಟ್ರು ದಾರಿ ತೋರಿದರು: "ಖಾತೆಯೆಲ್ಲಾ ಸತ್ತ ಅಜ್ಜಂದಿರ ಹೆಸರಲ್ಲೇ ಇರೋದು ಕಣ್ರೀ. ನಂದಲ್ಲ ಅಂದ್ರೆ ಸುಳ್ಳು ಹೆಂಗಾಯ್ತು?"

ತಮ್ಮನ ಹೆಂಡತಿಗೂ ತಲೆಯಿದೆ ಎಂದು ಬೀರಪ್ಪನಿಗೆ ಮೊದಲ ಬಾರಿ ಅನ್ನಿಸಿತು. ಅಂಗಡಿ ಕಟ್ಟಿದ ಮೇಲೆ ಕಸ ಗುಡಿಸಲು ಇವಳನ್ನೇ ಇಟ್ಟುಕೊಳ್ಳಬಹುದು.

ತರೀಕೆರೆ ಬಸ್ಸಿನಲ್ಲಿ ಬಂದಿಳಿದ ಕಂದಾಯದ ಅಧಿಕಾರಿ ಮಾಲಿನಿ ಬೀದಿಯುದ್ದಕ್ಕೂ ತೂಗುತ್ತಿದ್ದ ಗೋಣಿಚೀಲಗಳನ್ನು ನೋಡಿದಳು. ಹನುಮಂತಪ್ಪ ಬನಿಯನ್ನಿನಲ್ಲಿ ಜಗಲಿಯ ಮೇಲೆ ಮಲಗಿದ್ದ.

"ಇದು ಯಾರ ಮನೆ?"

"ಗೊತ್ತಿಲ್ಲಮ್ಮ. ಬಿಸ್ಲು ಅಂತ ಒರಗ್ದೆ."

ಒಳಗಿನಿಂದ ಅವನ ಹೆಂಡತಿ ಕೂಗಿದಳು. "ರೀ, ಮುದ್ದೆ ಆರ್ತೈತೆ, ಬತ್ತೀರೋ ಇಲ್ವೋ?"

"ಯಾರೋ ಪುಣ್ಯಾತ್ಗಿತ್ತಿ," ಎಂದ ಹನುಮಂತಪ್ಪ. "ದಾರೀಲಿ ಹೋಗೋರ್ನೆಲ್ಲಾ ಊಟಕ್ಕೆ ಕರೀತಾಳೆ."

ಮುಂದಿನ ಮನೆಯ ಬಾಗಿಲು ತೆರೆದು ಷಡಕ್ಷರಿ ಬಂದರು. ಕಾಲಿಗೆ ಚಪ್ಪಲಿಯಿಲ್ಲ, ಕೈಯಲ್ಲಿ ಕಾಫಿ ಲೋಟ.

"ನೀವು ಒಳಗಿಂದ ಬಂದ್ರಲ್ಲ ಸಾರ್?"

"ಹೌದಮ್ಮ. ವಿಳಾಸ ಕೇಳೋಕೆ ಹೋಗಿದ್ದೆ. ಕಾಫಿ ಕೊಟ್ರು."

ನಾಯಿಯೊಂದು ಅವರ ಪಂಚೆ ಹಿಡಿದು ಮನೆಯೊಳಕ್ಕೆ ಎಳೆಯತೊಡಗಿತು. ಮಾಲಿನಿ ಅದನ್ನು ಬಹಳ ಹೊತ್ತು ನೋಡಿ, ಫೋನ್ ಹೊರತೆಗೆದಳು.

"ಇದನ್ನ ನಾನು ಬರೆದುಕೊಂಡು ಹೋದ್ರೆ ನನ್ನ ಕೆಲಸ ಹೋಗತ್ತೆ. ಒಬ್ಬೊಬ್ಬರಾಗಿ ಇಲ್ಲಿ ನೋಡಿಕೊಂಡು ಹೇಳಿ, ವಿಡಿಯೋ ಮಾಡ್ಕೋತೀನಿ."

ಹಾಲಮ್ಮ ಮುಂದೆ ಬಂದಳು, ಎರಡೂ ಕೈಯಲ್ಲಿ ತಟ್ಟೆ. ಒಬ್ಬೊಬ್ಬರೂ ಭಂಡಾರ ಮುಟ್ಟಿದರು. ನಂದಲ್ಲ. ನಂದಲ್ಲ. ನಂದಲ್ಲ. ಹಣೆಗಳು ಹಳದಿಯಾಗುತ್ತಾ ಹೋದವು. ತಮ್ಮ ತಮ್ಮ ಮನೆ ಕಳೆದುಕೊಂಡವರು ಮುಂದಿನವನ ಮನೆ ಹೋಗುವುದನ್ನು ನೋಡಲು ಗುಂಪಾಗಿ ಹಿಂದೆ ನಡೆದರು. ಮದುವೆ ದಿಬ್ಬಣದ ಗದ್ದಲ.

ಬೀರಪ್ಪನ ಸರದಿ ಬಂತು. "ನಂದಲ್ಲ" ಎಂದ. ನಾಲಿಗೆ ಹಗುರಾಗಿತ್ತು. ಇಷ್ಟು ವರ್ಷದ ಗೋಡೆ, ಬಾಗಿಲು, ಕಂಬಗಳು ಒಂದು ಮಾತಿಗೆ ಕೈತಪ್ಪಬಹುದೆ ಎಂಬ ಯೋಚನೆ ಸುಳಿಯಿತು. ಆದರೆ ಮನೆ ನಿಂತಲ್ಲೇ ನಿಂತಿತ್ತು. ಗುಂಪು ಸಿಳ್ಳೆ ಹಾಕಿತು. ಅವನಿಗೆ ಹುರುಪು ಬಂತು.

ಉಳಿದದ್ದು ಬೀದಿಯ ತುದಿಯ ಮನೆ.

"ಇದು ಬೀರಪ್ಪನೋರ್ದು ಅಂತ ಬಸ್ಸಲ್ಲಿ ಯಾರೋ ಅಂದ್ರು," ಎಂದಳು ಮಾಲಿನಿ.

"ಸುಳ್ಳು!" ಬೀರಪ್ಪ ತಾನಾಗಿಯೇ ಮುಂದೆ ನುಗ್ಗಿ ತಟ್ಟೆಗೆ ಇಡೀ ಅಂಗೈ ಅದ್ದಿದ. "ಸರಿಯಾಗಿ ಹಿಡ್ಕಳಮ್ಮ ಫೋನ್‌ನ. ಈ ಮನೆ ನಂದಲ್ಲ. ಹಿಂದೆಯೂ ನಂದಾಗಿರ್ಲಿಲ್ಲ. ನನ್ನ ಮಕ್ಳದ್ದೂ ಅಲ್ಲ, ಮೊಮ್ಮಕ್ಳದ್ದೂ ಅಲ್ಲ. ಬೀರದೇವ್ರಾಣೆ!"

ಬೀದಿಗೆ ಬೀದಿಯೇ ಚಪ್ಪಾಳೆ ತಟ್ಟಿತು. ಮೇಷ್ಟ್ರು "ಶಭಾಷ್" ಎಂದರು. ಬೀರಪ್ಪ ಬೆವರೊರೆಸಿಕೊಂಡ, ಮುಖವೆಲ್ಲ ಹಳದಿಯಾಯಿತು.

"ಹಾಗಾದ್ರೆ ಇದೂ ಯಾರದೂ ಅಲ್ಲ," ಎಂದು ಮಾಲಿನಿ ಫೋನ್ ಇಳಿಸಹೊರಟಳು.

ಹಾಲಮ್ಮ ತಟ್ಟೆಯನ್ನು ಬೀರಪ್ಪನ ಕೈಗೆ ಕೊಟ್ಟು, ಅದರೊಳಗಿನ ಭಂಡಾರ ಮುಟ್ಟಿ, ಫೋನಿನತ್ತ ತಿರುಗಿ ಹೇಳಿದಳು: "ತಡಿಯಮ್ಮಾ. ಈ ಮನೆ ನಂದು. ಕಂದಾಯ ಬರ್ಕೊ."