ಗಾಯದ ನಾಳಿನ ನಾತ

ಓಂಕಾರಪ್ಪನ ಕ್ಯಾನ್ಸರ್ ಬೆನ್ನುಮೂಳೆಗೆ ಹಬ್ಬಿತ್ತು. ಆಪರೇಷನ್ ಮಾಡದಿದ್ದರೆ ಕಾಲುಗಳ ಸ್ವಾಧೀನವೇ ತಪ್ಪುತ್ತಿತ್ತು. ಮಾಡಿದ ಮೇಲೆ ಗಾಯ ಏನಾಗಬಹುದೆಂದು ಆಸ್ಪತ್ರೆಯ ಯಂತ್ರ ರಕ್ತ ನೋಡಿ ಊಹಿಸಿ, ಆ ಗಾಯದ ಮುಂದಿನ ವಾಸನೆಯನ್ನು ಈಗಲೇ ಸೀಸೆಗೆ ಇಳಿಸಿಕೊಡುತ್ತಿತ್ತು. ಮನೆಯವರು ಮೂಸಿ ನೋಡಿಯೇ ಒಪ್ಪಿಗೆ ಕೊಡಬೇಕು. ಎಲ್ಲ ಕಡೆಯೂ ಅದೇ ಪದ್ಧತಿ.

ನರ್ಸ್ ಮುಚ್ಚಳ ತೆಗೆದಳು. ಕೀವು, ಕೊಳೆತ ಮಾಂಸ, ಹಾಸಿಗೆಯಲ್ಲೇ ಆದ ಮಲ ಎಲ್ಲ ಕಲಸಿದಂಥ ನಾತ ಹೆಂಡತಿ ರುದ್ರಾಣಿಯ ಗಂಟಲಿಗೇ ಇಳಿಯಿತು. ಅವಳು ಬೇಸಿನ್ನಿಗೆ ಓಡಿ, ಬೆಳಿಗ್ಗೆ ತಿಂದ ಮಂಡಕ್ಕಿ ಒಗ್ಗರಣೆಯನ್ನೆಲ್ಲ ಕಾರಿಕೊಂಡಳು.

ಮೈದುನ ಚನ್ನವೀರ ಮೂಗಿಗೆ ಕರ್ಚೀಫು ಒತ್ತಿಕೊಂಡು, "ಥೂ! ಆಪರೇಷನ್ ಬ್ಯಾಡ ಬಿಡ್ರಿ ಅತ್ತಿಗೆ. ಈ ನಾತದಾಗೆ ಅಣ್ಣನ ಪಕ್ಕ ಯಾರು ಕೂತ್ಕಂತಾರೆ?" ಎಂದ.

ಬಾಗಿಲ ಬಳಿ ಸ್ಟ್ರೆಚರಿನಲ್ಲಿ ಮಲಗಿದ್ದ ಓಂಕಾರಪ್ಪನಿಗೆ ಅದು ಕೇಳಿಸಿತು. ಅವನು ಗೋಡೆಯ ಕಡೆ ಮುಖ ತಿರುಗಿಸಿಕೊಂಡ.

ರುದ್ರಾಣಿಗೆ ಮೈದುನನ ಕರ್ಚೀಫು ಕಂಡು ಮತ್ತೆ ಹೇಸಿಗೆ ಉಕ್ಕಿತು. ತಾನು ಕಾರಿಕೊಂಡದ್ದನ್ನೂ ಗಂಡ ಕೇಳಿಸಿಕೊಂಡಿರಬೇಕು ಎನಿಸಿ ತನ್ನ ಮೇಲೂ ಅಸಹ್ಯವಾಯಿತು. ಬಾಯಿ ತೊಳೆದು ಬಂದು ನರ್ಸ್‌ಗೆ ಹೇಳಿದಳು:

"ಆಪರೇಷನ್ ಮಾಡಾಕೆ ಹೇಳವ್ವಾ. ಆ ಸೀಸೆ ಇತ್ತಾಗೆ ಕೊಡು. ಈಗ್ಲಿಂದ್ಲೇ ರೂಢಿ ಮಾಡ್ಕಂತೀನಿ."

ಮೂಸಿದಳು. ಮತ್ತೆ ವಾಂತಿಯಾಯಿತು. ಬಾಯಿ ಒರೆಸಿಕೊಂಡು ಮತ್ತೆ ಮೂಸಿದಳು.