ಒಂದೂ ಬಿಡದೆ

ಕಟುಕ ತನ್ನ ಚೂರಿಯನ್ನು ತಂಗಿಯ ಗಂಡನ ಗಂಟಲಿಗೆ ಒತ್ತಿ ಹಿಡಿದಿದ್ದ. ಚರ್ಮ ಸೀಳಿ ಒಂದು ಎಳೆ ರಕ್ತ ಅಂಗಿಯ ಕಾಲರಿಗೆ ಇಳಿಯಿತು. ಅಡುಗೆಮನೆಯ ನೆಲದ ಮೇಲೆ ತಂಗಿ ಬಿದ್ದಿದ್ದಳು. ತುಟಿ ಒಡೆದಿತ್ತು. ಬಲಗೈ ಮುರಿದು ಜೋತಾಡುತ್ತಿತ್ತು.

“ಬೇಡ ಅಣ್ಣಾ!” ಅವಳು ತೆವಳಿಕೊಂಡು ಬಂದು ಅವನ ಕಾಲು ಹಿಡಿದಳು. “ಮಾಡಿದ ಪಾಪ ಹೊತ್ಕೊಂಡೇ ಸತ್ರೆ ಇವರು ನೇರ ನರಕಕ್ಕೇ ಹೋಗ್ತಾರೆ.”

“ಹೋಗ್ಲಿ ಬಿಡು. ಅಲ್ಲೂ ಇವನನ್ನ ಯಾರೂ ಒಳಗೆ ಬಿಟ್ಕೊಳ್ಳಲ್ಲ.”

“ಚರ್ಚಲ್ಲಿ ಕೈಹಿಡಿದವರು. ಇವರ ಆತ್ಮಕ್ಕೆ ನಾನೂ ಹೊಣೆ.”

ಕಟುಕನಿಗೆ ನರಕದಲ್ಲಿ ನಂಬಿಕೆ ಇರಲಿಲ್ಲ. ತಂಗಿಯ ಮಾತು ಮೀರಿಯೂ ಅಭ್ಯಾಸವಿರಲಿಲ್ಲ. ಚೂರಿ ಕೆಳಗಿಳಿಯಿತು.

ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಹಾಕಿಸಿದ ಮೇಲೆ ಅವನು ಮತ್ತೆ ಶುರುಮಾಡಿದ. “ಬಿಟ್ಟು ಬಾ. ಮುಂದಿನ ಸಲ ನೀನು ಉಳಿಯಲ್ಲ.”

“ದೇವರು ಕೂಡಿಸಿದ್ದನ್ನ ಬಿಟ್ಟು ಬರೋಕಾಗಲ್ಲ ಅಣ್ಣಾ. ಸಾವೇ ಬಿಡಿಸಬೇಕು.”

“ಯಾರ ಸಾವು?”

ಅವಳು ಪಟ್ಟಿಯ ತುದಿಯನ್ನು ಎಡಗೈಯಿಂದ ಒಳಗೆ ಸಿಕ್ಕಿಸುತ್ತ ಕುಳಿತಳು.

ಆಮೇಲೆ ಒಂದೇ ಹಟ ಹಿಡಿದಳು. ಗಂಡ ಪಾದ್ರಿಯ ಮುಂದೆ ಪಾಪನಿವೇದನೆ ಮಾಡಬೇಕು, ಮಾಡಿದ್ದೆಲ್ಲ ಒಪ್ಪಿಕೊಂಡು ಕ್ಷಮೆ ಪಡೆಯಬೇಕು. ಬೇಡಿದಳು, ಅತ್ತಳು, ಅದಕ್ಕೂ ಹೊಡೆತ ತಿಂದಳು. ಕೊನೆಗೆ ಒಂದು ಶನಿವಾರ ಅವನು ಹೋದ.

ಅಂದು ಅಣ್ಣನನ್ನೂ ಊಟಕ್ಕೆ ಕರೆದಿದ್ದಳು. ಅಂಗಡಿ ಮುಚ್ಚಿ ಚೂರಿಗಳ ಚೀಲದ ಸಮೇತ ಕಟುಕ ಬಂದಾಗ, ಅವಳ ಗಂಡ ಮೇಜಿನ ಮುಂದೆ ಕುಳಿತು ಬಿಕ್ಕುತ್ತಿದ್ದ.

“ಎಲ್ಲಾ ಹೇಳಿದ್ರಾ?” ತಂಗಿ ಅವನ ಮುಂದೆ ನೀರಿನ ಲೋಟ ಇಟ್ಟಳು.

“ಹೇಳಿದೆ.”

“ನನ್ನ ಕೈ ಮುರಿದದ್ದು?”

“ಹೇಳಿದೆ.”

“ಹೊಟ್ಟೆಗೆ ಒದ್ದದ್ದು? ಮಗು ಹೋದದ್ದು?”

ಅವನು ಮುಖ ಮುಚ್ಚಿಕೊಂಡ. “ಅದನ್ನೇ ಮೊದಲು ಹೇಳಿದೆ ಕಣೇ.”

“ಫಾದರ್ ಕ್ಷಮಿಸಿದ್ರಾ?”

“ದೇವರ ಹೆಸರಲ್ಲಿ ಕ್ಷಮಿಸಿದ್ರು. ಹೊಸ ಮನುಷ್ಯ ಆಗು ಅಂದ್ರು.”

“ಬರೋ ದಾರೀಲಿ ಕುಡಿಯೋದು, ಯಾರಿಗಾದ್ರೂ ಬೈಯೋದು, ಏನೂ ಮಾಡಿಲ್ಲ ತಾನೇ?”

“ಇಲ್ಲ. ನೇರ ಮನೆಗೇ ಬಂದೆ.”

ಕಟುಕ ಇಷ್ಟು ದಿನ ಗೇಲಿ ಮಾಡಿದ್ದ ಭಕ್ತಿಯೇ ಕೊನೆಗೂ ಗೆದ್ದಿತ್ತು. ನಾಚಿಕೆಯಿಂದ ಚೀಲವನ್ನು ಕಾಲಲ್ಲಿ ಕುರ್ಚಿಯ ಕೆಳಗೆ ತಳ್ಳಿದ.

ತಂಗಿ ಗಂಡನ ನೆತ್ತಿಗೆ ಮುತ್ತಿಟ್ಟಳು. ಹೋಗಿ ಬಾಗಿಲಿನ ಚಿಲಕ ಹಾಕಿ ಬಂದು ಅವನ ಬೆನ್ನ ಹಿಂದೆ ನಿಂತು, ಎಡಗೈ ಚಾಚಿದಳು.

“ಇನ್ನು ಇವರು ನರಕಕ್ಕೆ ಹೋಗಲ್ಲ. ಚೂರಿ ಕೊಡು ಅಣ್ಣಾ.”